11 ವರ್ಷದ ಮಗಳಿಗೆ ಎಟಿವಿ: 49 ಸಿಸಿ, 110 ಸಿಸಿ, ಇಲ್ಲಾ ಹಳೇ 250?

ತಿಕೋಟಾ ದ್ರಾಕ್ಷಿ
ಎಲ್ಲರಿಗೂ ನಮಸ್ಕಾರ. ತಿಕೋಟಾ ಹತ್ತಿರ ನಮ್ಮ ದ್ರಾಕ್ಷಿ ತೋಟ ಇದೆ. ಮಗಳು ಆರನೇ ಕ್ಲಾಸ್ ಮುಗಿಸಿದ್ದಾಳೆ, 11 ವರ್ಷ. ದಾಂಡೇಲಿ ಕಡೆ ಒಂದು ರೆಸಾರ್ಟಿಗೆ ಹೋದಾಗ ನಾಲ್ಕು ಗಾಲಿಯ ಎಟಿವಿ (ಮಣ್ಣಿನಲ್ಲಿ ಓಡಿಸೋ ಬೈಕ್ ಥರದ ಗಾಡಿ) ಮೇಲೆ ಕೂರಿಸಿದ್ದೆ. ಅವತ್ತಿನಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ.

ಮೂರು ಗಾಡಿ ಕಣ್ಣಿಗೆ ಬಿದ್ದಿವೆ. ಆನ್‌ಲೈನ್‌ನಲ್ಲಿ ಸಿಗುವ 49 ಸಿಸಿ ಟೂ ಸ್ಟ್ರೋಕ್, ಹಗ್ಗ ಎಳೆದು ಸ್ಟಾರ್ಟ್ ಮಾಡೋದು, ಅಗ್ಗ. ಬೆಳಗಾವಿಯಲ್ಲಿ ಒಬ್ಬರ ಹತ್ತಿರ 110 ಸಿಸಿ ಆಟೋಮ್ಯಾಟಿಕ್, ಸ್ವಲ್ಪ ಓಡಿದ್ದು. ಮೂರನೆಯದು ಸಾಂಗ್ಲಿಯ ಪರಿಚಯದವರ ಹಳೇ 250, ಗೇರ್ ಇರೋದು, 110ರ ರೇಟಿಗೇ ಕೊಡ್ತಾರಂತೆ. ಬಜೆಟ್ ಒಂದು ಲಕ್ಷದೊಳಗೆ. ನನ್ನ ಮನಸ್ಸು 250 ಕಡೆ ಇದೆ, ಮಗು ಹೇಗಿದ್ರೂ ಬೆಳೀತಾಳೆ, ಎರಡು ವರ್ಷಕ್ಕೆ ಮತ್ತೆ ಗಾಡಿ ಬದಲಿಸೋದು ಯಾರಿಗೆ ಬೇಕು ಅಂತ. ಓಡಿಸೋದು ತೋಟದ ಒಳಗೆ ಮಾತ್ರ. ಏನಂತೀರಿ?

ಕೆಎ 28 ರೈಡರ್
ಕಣ್ಣು ಮುಚ್ಚಿ 250 ತಗೊಳ್ಳಿ ಅಣ್ಣಾ. ಎಕ್ಸಲರೇಟರ್ ಹತ್ತಿರ ಲಿಮಿಟರ್ ಸ್ಕ್ರೂ ಇರುತ್ತೆ, ಅದನ್ನ ಟೈಟ್ ಮಾಡಿ ಕೊಡಿ, ಮುಗೀತು. ಸಣ್ಣ ಗಾಡಿ ಆರು ತಿಂಗಳಿಗೆ ಬೋರ್ ಆಗುತ್ತೆ.

ಉದ್ಯಮಬಾಗ ಗ್ಯಾರೇಜ್
ರೈಡರ್ ಅವರೇ, ಸ್ಕ್ರೂ ಸ್ಪೀಡ್ ಇಳಿಸುತ್ತೆ, ಗಾಡಿಯ ತೂಕ ಇಳಿಸಲ್ಲ. 250 ಸಿಸಿ ಗಾಡಿ ಒಂದೂವರೆ ಕ್ವಿಂಟಲ್ ದಾಟುತ್ತೆ. ಆ ಮಗು ಎಷ್ಟಿದ್ದೀತು, 35 ಕೆಜಿ? ಬದುವಿನ ಮೇಲೆ ಒಂದು ಗಾಲಿ ಹತ್ತಿ ಗಾಡಿ ವಾಲಿದರೆ ಅವಳ ಮೈಭಾರ ಅದನ್ನ ತಡೆಯಲ್ಲ, ಮಗುಚಿದರೆ ಕೆಳಗಿಂದ ಎತ್ತೋಕೆ ನಿಮ್ಮಂಥವರು ಇಬ್ಬರು ಬೇಕು. ಎಟಿವಿಯಲ್ಲಿ ಮಕ್ಕಳಿಗೆ ದೊಡ್ಡ ಪೆಟ್ಟು ಬೀಳೋದು ಹೀಗೇ, ಗಾಡಿ ಅಡಿ ಸಿಕ್ಕಿ.

ಇನ್ನೊಂದು ವಿಷಯ ಬೈಕ್ ಓಡಿಸಿದವರಿಗೂ ಗೊತ್ತಿರಲ್ಲ. ಇಂಥ ಸಣ್ಣ ಎಟಿವಿಗಳಲ್ಲಿ ಹಿಂದಿನ ಎರಡೂ ಗಾಲಿ ಒಂದೇ ಆ್ಯಕ್ಸಲ್‌ಗೆ ಗಟ್ಟಿ ಕೂತಿರುತ್ತವೆ, ಎರಡು ಗಾಲಿಯನ್ನ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಡಿಫರೆನ್ಷಿಯಲ್ ಇಲ್ಲ. ಹ್ಯಾಂಡಲ್ ತಿರುಗಿಸಿದ ಮಾತ್ರಕ್ಕೆ ಗಾಡಿ ತಿರುಗಲ್ಲ, ನೆಟ್ಟಗೆ ಹೋಗೋಕೆ ನೋಡುತ್ತೆ. ಓಡಿಸುವವರು ಸೀಟಿನಲ್ಲಿ ಜರುಗಿ, ತಿರುವಿನ ಒಳಗಡೆಗೆ ಮೈ ಬಾಗಿಸಿ, ಹೊರಗಿನ ಫುಟ್‌ರೆಸ್ಟ್ ಒತ್ತಿದಾಗ ಒಳಗಿನ ಗಾಲಿ ಹಗುರಾಗಿ ಗಾಡಿ ಸುತ್ತುತ್ತೆ. ಅಂದ್ರೆ ಇಲ್ಲಿ ಮೈಯೇ ಅರ್ಧ ಸ್ಟೇರಿಂಗ್. ಗಾಡಿ ದೊಡ್ಡದಾಗಿ ಮಗು ಸಣ್ಣದಾದರೆ ಆ ಅರ್ಧ ಇಲ್ಲ ಅಂತಲೇ ಲೆಕ್ಕ. ಹತ್ತನೇ ಕ್ಲಾಸಿನ ಬೂಟು ಆರನೇ ಕ್ಲಾಸಿಗೆ ಹಾಕಿಸಿದ ಹಾಗೆ ಆಗುತ್ತೆ ನಿಮ್ಮ 250.

ಗೋಕಾಕ ಕರದಂಟು
ಹೆಣ್ಣುಮಗುವಿಗೆ ಇದೆಲ್ಲ ಯಾಕೆ ಬೇಕಿತ್ತು.

ಬಾಗಲಕೋಟೆ ಅವ್ವ
@ಗೋಕಾಕ ಕರದಂಟು ನೀವು ಸುಮ್ನೆ ಕರದಂಟು ತಿನ್ನಿ.

ಜಮಖಂಡಿ ಕಾಕಾ
ನಾವೆಲ್ಲ ಟ್ರ್ಯಾಕ್ಟರ್ ಮಡ್‌ಗಾರ್ಡ್ ಮೇಲೆ ಕೂತು ಬೆಳೆದವರು ತಮ್ಮಾ. ಹನ್ನೆರಡನೇ ವಯಸ್ಸಿಗೇ ಟ್ರ್ಯಾಕ್ಟರ್‌ಗೆ ರೂಟರ್ ಕಟ್ಟಿ ಹೊಲ ಹೊಡೆದಿದ್ದೇನೆ. ಯಾವ ಹೆಲ್ಮೆಟ್, ಯಾವ ಲಿಮಿಟರ್? ಈಗಿನವರಿಗೆ ಎಲ್ಲದಕ್ಕೂ ಅಂಜಿಕೆ.

ಮಕ್ಕಳ ಡಾಕ್ಟರ್ ವಿಜಯಪುರ
ಕಾಕಾ, ನೀವು ಬೆಳೆದಿರಿ, ಸಂತೋಷ. ಮಡ್‌ಗಾರ್ಡ್‌ನಿಂದ ಜಾರಿ ಬಿದ್ದವರು ಇಲ್ಲಿ ಬಂದು ಬರೆಯಲ್ಲ ಅಲ್ವಾ? ಕಬ್ಬಿನ ಸೀಸನ್‌ನಲ್ಲಿ ನಮ್ಮ ವಾರ್ಡಿಗೆ ಒಮ್ಮೆ ಬಂದು ನೋಡಿ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ, ಬೇಸರ ಮಾಡ್ಕೋಬೇಡಿ. ಅಮೆರಿಕದ ಮಕ್ಕಳ ವೈದ್ಯರ ಸಂಘ 16 ವರ್ಷದೊಳಗಿನವರು ಎಟಿವಿ ಓಡಿಸಲೇಬಾರದು ಅಂತ ಬಹಳ ಹಿಂದಿನಿಂದ ಹೇಳುತ್ತಾ ಬಂದಿದೆ. ಎಟಿವಿ ಮನೆಮನೆಯಲ್ಲಿ ಇರುವ ದೇಶದವರೇ ಹೀಗೆ ಹೇಳ್ತಾರೆ ಅಂದ್ರೆ ಸ್ವಲ್ಪ ಯೋಚಿಸಿ. 11 ವರ್ಷದ ಮಗುವಿಗೆ ಕೈಕಾಲಿನ ಶಕ್ತಿ ಬಂದಿರಬಹುದು. ಎದುರಿಗೆ ನಾಯಿ ಅಡ್ಡ ಬಂದಾಗ ಅರೆಕ್ಷಣದಲ್ಲಿ ಸರಿಯಾಗಿ ನಿರ್ಧಾರ ಮಾಡೋದು ಬೇರೆ ಮಾತು. ನನ್ನನ್ನು ಕೇಳಿದರೆ ಬೇಡ.

ಎರೆಹೊಲ
ಡಾಕ್ಟರ್ ಮೇಡಂ ಹೇಳೋದು ಸರಿ. ಆದರೆ ಅದೇ ದೇಶದಲ್ಲಿ 6 ವರ್ಷದ ಮಕ್ಕಳಿಗೂ ಗಾಡಿ ಮಾರುತ್ತಾರಲ್ಲ. ವಯಸ್ಸಿನ ಪ್ರಕಾರ ವರ್ಗ ಮಾಡಿದ್ದಾರೆ. ಮೊದಲು ಸಿಸಿ ಲೆಕ್ಕ ಇತ್ತು: 6ರಿಂದ 11 ವರ್ಷಕ್ಕೆ 70 ಸಿಸಿಯೊಳಗೆ, 12ರಿಂದ 15ಕ್ಕೆ 90ರವರೆಗೆ. ಆಮೇಲೆ ಸಿಸಿ ಬಿಟ್ಟು ಸ್ಪೀಡ್ ಲೆಕ್ಕಕ್ಕೆ ಬಂದರು. 6 ವರ್ಷ ಮೇಲ್ಪಟ್ಟವರ ಗಾಡಿ ಗಂಟೆಗೆ ಸುಮಾರು 24 ಕಿಮೀ ದಾಟಬಾರದು, ಲಿಮಿಟರ್ ಹಾಕಿದರೆ 16ಕ್ಕೆ ನಿಲ್ಲಬೇಕು. 10 ವರ್ಷ ಮೇಲ್ಪಟ್ಟವರದು ಹೆಚ್ಚೆಂದರೆ 48, ಲಿಮಿಟರ್ ಇದ್ದಾಗ 24. ಪೋಲಾರಿಸ್ ಔಟ್‌ಲಾ 110, ಯಮಹಾ ಗ್ರಿಝ್ಲಿ 90 ಇವೆಲ್ಲ 10 ವರ್ಷ ಮೇಲ್ಪಟ್ಟವರ ಗಾಡಿಗಳು. ಹೋಂಡಾದ ಟಿಆರ್‌ಎಕ್ಸ್ 90ಗೆ 12 ಆಗಿರಬೇಕು. ದೊಡ್ಡ ಗಾಡಿಗಳ ಮೇಲೆ 16 ಅಂತ ಸ್ಟಿಕ್ಕರೇ ಇರುತ್ತೆ. ಈ ಲೆಕ್ಕದಲ್ಲಿ ಇವರ ಮಗಳಿಗೆ 110 ಕೂರುತ್ತೆ, 250 ಕೂರಲ್ಲ.

ಕೆಎ 28 ರೈಡರ್
ಸ್ಟಿಕ್ಕರ್ ನೋಡಿ ಗಾಡಿ ಓಡಿಸೋದಾದ್ರೆ ನಮ್ಮೂರಲ್ಲಿ ಒಂದು ಗಾಡಿನೂ ಓಡಲ್ಲ 😄

ಇಳಕಲ್ ಸೆರಗು
ಮೂರು ಗಾಲಿಯದು ಇನ್ನೂ ಅಗ್ಗ ಅಲ್ವಾ? ಹಳೇ ವಿಡಿಯೋದಲ್ಲಿ ನೋಡಿದ್ದೆ.

ಉದ್ಯಮಬಾಗ ಗ್ಯಾರೇಜ್
ಅದರ ಹೆಸರೇ ಎತ್ತಬೇಡಿ ಅಕ್ಕಾ. ಹೋಂಡಾ 1970ರಲ್ಲಿ ಮೂರು ಗಾಲಿಯಿಂದಲೇ ಶುರು ಮಾಡಿತ್ತು. ಮಗುಚಿ ಮಗುಚಿ ಸಾವುನೋವು ಆಗಿ, 1988ರಲ್ಲಿ ಅಮೆರಿಕ ಸರ್ಕಾರ ಕೋರ್ಟ್ ಮೂಲಕ ಕಂಪನಿಗಳಿಂದ ಮಾರಾಟ ನಿಲ್ಲಿಸಿತು. ನಾಲ್ಕು ಗಾಲಿ ಉಳಿದಿದ್ದು ಹಾಗೆ.

ತಿಕೋಟಾ ದ್ರಾಕ್ಷಿ
ಸರಿ, 250 ತಲೆಯಿಂದ ತೆಗೆದೆ. ನಮ್ಮ ಮನೆಯವರೂ ಅದು ಬೇಡ ಅಂತಲೇ ಇದ್ದರು. ಹಾಗಾದ್ರೆ 49 ತಗೊಂಡರೆ ಸೇಫ್ ಅಲ್ವಾ? ಸಣ್ಣದು, ಅಗ್ಗ, ಮನೆಗೇ ಬರುತ್ತೆ.

ಉದ್ಯಮಬಾಗ ಗ್ಯಾರೇಜ್
ಸಣ್ಣದು ಅಂದ್ರೆ ಸೇಫ್ ಅಂತಲ್ಲ. ಗ್ಯಾರೇಜಿಗೆ ಬಂದ ಇಂಥ ಗಾಡಿಗಳಲ್ಲಿ ನಾನು ನೋಡಿದ್ದು ಹೇಳ್ತೀನಿ. ಬ್ರೇಕ್ ಕೇಬಲ್ ಸೈಕಲ್ ಬ್ರೇಕಿನಷ್ಟು ತೆಳು. ಕೆಲವದರಲ್ಲಿ ಸಸ್ಪೆನ್ಷನ್ ಹೆಸರಿಗೆ ಮಾತ್ರ. ಪೆಟ್ರೋಲಿಗೆ ಟೂ ಟಿ ಆಯಿಲ್ ಅಳತೆ ಮಾಡಿ ನೀವೇ ಕಲಸಬೇಕು, ಮನೆಯಲ್ಲಿ ಯಾರೋ ಮರೆತು ಬರೀ ಪೆಟ್ರೋಲ್ ಹಾಕಿದರೆ ಪಿಸ್ಟನ್ ಜಾಮ್. ಮತ್ತೆ ನಿಮ್ಮ ಮಗಳ ಎತ್ತರ ಎಷ್ಟು? ಮಂಡಿ ಹ್ಯಾಂಡಲ್‌ಗೆ ತಾಗೋ ಹಾಗಿದ್ದರೆ ಗಾಡಿ ಸಣ್ಣದಾಯ್ತು, ತಿರುಗಿಸುವಾಗ ಕಾಲೇ ಅಡ್ಡ ಬರುತ್ತೆ.

ಅಳತೆ ಹೀಗೆ ನೋಡಿ. ಗಾಡಿ ಸ್ಟಾರ್ಟ್ ಮಾಡದೆ ಫುಟ್‌ರೆಸ್ಟ್ ಮೇಲೆ ನಿಲ್ಲಿಸಿ. ಸೀಟಿಗೂ ಅವಳಿಗೂ ನಡುವೆ ನಾಲ್ಕು ಬೆರಳಿನಿಂದ ಒಂದು ಗೇಣಿನೊಳಗೆ ಸಂದು ಇರಬೇಕು, ಮೂರರಿಂದ ಆರು ಇಂಚು. ಕೂತಾಗ ತೊಡೆ ನೆಲಕ್ಕೆ ಹೆಚ್ಚುಕಡಿಮೆ ಸಮ ಇರಲಿ. ಹ್ಯಾಂಡಲ್ ಪೂರ್ತಿ ಒಂದು ಕಡೆ ತಿರುಗಿಸಿದಾಗ ಹೊರಗಿನ ಕೈ ಚಾಚಿ ಹೋಗಿ ಮೈ ಎಳೆಯಬಾರದು. ಬ್ರೇಕ್ ಲಿವರ್‌ಗೆ ಬೆರಳಿನ ಮೊದಲ ಗೆಣ್ಣು ಸುತ್ತಬೇಕು, ತುದಿ ತಾಗಿದರೆ ಸಾಲದು. ಇದಿಷ್ಟೂ ಸರಿ ಬಂದರೆ ಮಾತ್ರ ಸಿಸಿ ಮಾತು.

ಖಾನಾಪುರ ಮಳೆ
ಎಕ್ಸಲರೇಟರ್ ಹೆಬ್ಬೆರಳಿನದಾ, ಬೈಕ್ ಥರ ತಿರುಗಿಸೋದಾ ಅಂತನೂ ನೋಡಿ. ತಿರುಗಿಸೋದಾದರೆ ತಗ್ಗಿನಲ್ಲಿ ಗಾಡಿ ಎಗರಿದಾಗ ಮಗು ಹಿಂದಕ್ಕೆ ಜಗ್ಗುತ್ತೆ, ಕೈ ತಾನಾಗಿ ಎಕ್ಸಲರೇಟರ್ ಎಳೆಯುತ್ತೆ, ಗಾಡಿ ಇನ್ನೂ ಜೋರಾಗುತ್ತೆ. ಹೆಬ್ಬೆರಳಿನದಾದರೆ ಗಾಬರಿಯಲ್ಲಿ ಬೆರಳು ಜಾರಿ ಬಿಟ್ಟುಹೋಗುತ್ತೆ.

ಕೆಎ 28 ರೈಡರ್
ಇದು ಒಳ್ಳೆ ಪಾಯಿಂಟ್. ಒಪ್ಪಿದೆ.

ತಿಕೋಟಾ ದ್ರಾಕ್ಷಿ
ಎತ್ತರ ನಾಲ್ಕೂವರೆ ಅಡಿ, ತೂಕ 34. ಹಾಗಾದ್ರೆ 49 ಸಣ್ಣದೇ ಆಗುತ್ತೆ. ಬ್ಯಾಟರಿ ಗಾಡಿಗಳೂ ಬಂದಿವೆಯಲ್ಲ, ಯಾರಾದರೂ ಇಟ್ಟಿದ್ದೀರಾ?

ಚಿಕ್ಕೋಡಿ ಸೋಲಾರ್
ನಮ್ಮ ಅಣ್ಣನ ಮಗನಿಗೆ ಇದೆ. 36 ವೋಲ್ಟಿನದು. ಒಳ್ಳೆಯದೇನಂದ್ರೆ ಸ್ಪೀಡ್ ಮೂರು ಹಂತ, ಬದಲಿಸೋಕೆ ಬೇರೆ ಕೀ. ಕೀ ಅಪ್ಪನ ಜೇಬಿನಲ್ಲಿ, ಹುಡುಗನ ಆಟ ನಡೆಯಲ್ಲ. ಸದ್ದಿಲ್ಲ, ಸೈಲೆನ್ಸರ್‌ಗೆ ಕಾಲು ಸುಡೋದಿಲ್ಲ. ಕೆಟ್ಟದ್ದೇನಂದ್ರೆ ಲೆಡ್ ಆ್ಯಸಿಡ್ ಬ್ಯಾಟರಿ. ಪರೀಕ್ಷೆ ಟೈಮಿನಲ್ಲಿ ಗಾಡಿ ಮೂಲೆಗೆ ಇಟ್ಟರು, ಚಾರ್ಜ್ ಮಾಡಲಿಲ್ಲ, ಬ್ಯಾಟರಿ ಸತ್ತೇಹೋಯ್ತು. ಮತ್ತೆ ಎರೆ ಮಣ್ಣಿನಲ್ಲಿ ಅದರ ಮೋಟಾರ್ ಏದುಸಿರು ಬಿಡುತ್ತೆ. ನಿಮ್ಮ ಕಡೆ ಕಪ್ಪು ಭೂಮಿ ಅಲ್ವಾ?

ಎರೆಹೊಲ
ಎರೆ ಭೂಮಿ ಅಂದಮೇಲೆ ಒಂದು ಮಾತು. ಮಳೆ ಬಿದ್ದ ಮೇಲೆ ಯಾವ ಗಾಡಿಯನ್ನೂ ಹೊಲಕ್ಕೆ ಇಳಿಸಬೇಡಿ, 49 ಇರಲಿ 500 ಇರಲಿ. ಮಣ್ಣು ಗಾಲಿಗೆ ಸುತ್ತಿ ಮಡ್‌ಗಾರ್ಡ್ ತುಂಬಿ ಗಾಲಿಯೇ ತಿರುಗಲ್ಲ, ಚೈನ್ ಹರಿಯುತ್ತೆ. ಬೇಸಿಗೆಯಲ್ಲಿ ಉಲ್ಟಾ: ಕೈ ಹೋಗುವಷ್ಟು ಬಿರುಕು. ಸಣ್ಣ ಗಾಡಿಯ ಗಾಲಿ ಸಣ್ಣದು, ಬಿರುಕಿನಲ್ಲಿ ಸಿಕ್ಕಿ ಹ್ಯಾಂಡಲ್ ಕೈಯಿಂದ ಕಿತ್ತುಕೊಳ್ಳುತ್ತೆ. ಓಡಿಸೋಕೆ ಒಂದು ಜಾಗ ಮೊದಲೇ ಸಮ ಮಾಡಿಸಿ ರೋಲರ್ ಹೊಡೆಸಿ. ಸ್ವಲ್ಪ ಗರಸು ಹಾಕಿಸಿದರೆ ಇನ್ನೂ ಒಳ್ಳೆಯದು.

ಬಬಲೇಶ್ವರ ಒಣದ್ರಾಕ್ಷಿ
ಯಾರೂ ಹೇಳದೇ ಇರೋದು ಹೇಳ್ತೀನಿ, ನಾನೂ ದ್ರಾಕ್ಷಿಯವನೇ. ತಂತಿ! ಸಾಲಿನ ತುದಿಯ ಕಂಬವನ್ನು ನೆಲಕ್ಕೆ ಬಿಗಿದ ತಂತಿ ಇರುತ್ತಲ್ಲ, ಅದು ಓರೆಯಾಗಿ ಇಳಿದು ಬರುತ್ತೆ. ಎಟಿವಿ ಮೇಲೆ ಕೂತ ಮಗುವಿನ ಕುತ್ತಿಗೆ ಎತ್ತರಕ್ಕೆ ಅದು ಎಲ್ಲೋ ಒಂದು ಕಡೆ ಸರಿಯಾಗಿ ಬರುತ್ತೆ. ಸಂಜೆ ಬಿಸಿಲು ಎದುರಿಗಿದ್ದರೆ ನಮಗೇ ಕಾಣಲ್ಲ. ನಮ್ಮ ಆಳು ಬೈಕಿನಲ್ಲಿ ಹೋಗಿ ಗದ್ದ ಸೀಳಿಕೊಂಡಿದ್ದ. ತೋಟದ ಒಳಗೆ ಸೇಫ್ ಅಂತ ಬರೆದಿದ್ದೀರಿ, ದ್ರಾಕ್ಷಿ ತೋಟದ ಒಳಗೆ ಅಂತೂ ಬೇಡ. ಚಾಟ್ನಿ (ಬಳ್ಳಿ ಕತ್ತರಿಸೋದು) ಆದ ಮೇಲೆ ಸಾಲಿನಲ್ಲಿ ಕಡ್ಡಿಗಳ ಚೂಪು ಬೇರೆ. ಅದರ ಜೊತೆ ಕೃಷಿ ಹೊಂಡ. ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಬಿದ್ದರೆ ದೊಡ್ಡವರೇ ಹತ್ತಿ ಬರೋದು ಕಷ್ಟ, ಸುತ್ತ ಬೇಲಿ ಇದೆಯಾ?

ತಿಕೋಟಾ ದ್ರಾಕ್ಷಿ
ತಂತಿ ವಿಷಯ ಓದಿ ಎದೆ ಝಲ್ ಅಂತು. ಹೊಂಡಕ್ಕೆ ಬೇಲಿ ಇದೆ. ಮಣೂಕ (ಒಣದ್ರಾಕ್ಷಿ) ಶೆಡ್ ಮುಂದೆ ಖಾಲಿ ಜಾಗ ಇದೆ, ಅರ್ಧ ಎಕರೆ ಆಗುತ್ತೆ, ತಂತಿ ಇಲ್ಲ. ಅಲ್ಲಿಗೆ ಮನೆಯಿಂದ ಹೋಗೋಕೆ ಬಂಡಿ ದಾರಿ ದಾಟಬೇಕು ಅಷ್ಟೆ. ಅಲ್ಲಿ ಊರಿನ ಬೈಕ್, ಟ್ರ್ಯಾಕ್ಟರ್ ಓಡಾಡ್ತವೆ.

ವಕೀಲರ ಕಟ್ಟೆ ಬೆಳಗಾವಿ
ಅಲ್ಲೇ ನಿಲ್ಲಿ. ಜನರಿಗೆ ಓಡಾಡೋ ಹಕ್ಕು ಇರುವ ದಾರಿ ಅಂದ್ರೆ ಕಾನೂನಿನಲ್ಲಿ ಸಾರ್ವಜನಿಕ ಸ್ಥಳ. ಡಾಂಬರು ಹಾಕಿರಬೇಕು ಅಂತೇನಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಕಲಂ ಓದಿ: ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ಆದರೆ ಪಾಲಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಆ ಮಗುವಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಸಿಗಲ್ಲ. ಅದೂ ಅಲ್ಲದೆ ಇಂಥ ಆಟದ ಎಟಿವಿಗಳಿಗೆ ಆರ್‌ಟಿಓದಲ್ಲಿ ನೋಂದಣಿಯೇ ಇಲ್ಲ. ಪೋಲಾರಿಸ್‌ನವರು ಒಂದು ದೊಡ್ಡ ಗಾಡಿಯನ್ನು ಟ್ರ್ಯಾಕ್ಟರ್ ಲೆಕ್ಕದಲ್ಲಿ ಪಾಸ್ ಮಾಡಿಸಿ ರಸ್ತೆಗೆ ತಂದಿದ್ದರು, ಅದರ ಕಥೆ ಬೇರೆ. ನಿಮ್ಮದಕ್ಕೆ ನಂಬರ್ ಪ್ಲೇಟೂ ಇಲ್ಲ, ವಿಮೆಯೂ ಇಲ್ಲ. ದಾರಿ ದಾಟುವಾಗ ಗಾಡಿ ಆಫ್ ಮಾಡಿ ನೀವೇ ತಳ್ಳಿಕೊಂಡು ಹೋಗಿ.

ಜಮಖಂಡಿ ಕಾಕಾ
ಬಂಡಿ ದಾರಿಯಲ್ಲಿ ಪೊಲೀಸರು ಬಂದು ನಿಂತಿರ್ತಾರಾ ವಕೀಲರೇ?

ವಕೀಲರ ಕಟ್ಟೆ ಬೆಳಗಾವಿ
ನಿಂತಿರಲ್ಲ ಕಾಕಾ. ಯಾರಿಗಾದರೂ ಪೆಟ್ಟಾದ ಮೇಲೆ ಬರ್ತಾರೆ. ಪರಿಹಾರ ಕಟ್ಟೋಕೆ ವಿಮೆ ಇರಲ್ಲ, ತೋಟ ಇರುತ್ತೆ.

ಖಾನಾಪುರ ಮಳೆ
ಡಾಂಬರಿನ ಮೇಲೆ ಬೇಡ ಅನ್ನೋದಕ್ಕೆ ಕಾನೂನೊಂದೇ ಕಾರಣ ಅಲ್ಲ. ಈ ಟಯರ್‌ನಲ್ಲಿ ಗಾಳಿ ಎಷ್ಟು ಗೊತ್ತಾ? ಮೂರೋ ನಾಲ್ಕೋ ಪಿಎಸ್‌ಐ. ಪೆಟ್ರೋಲ್ ಬಂಕಿನ ಮೀಟರಿನಲ್ಲಿ ಮುಳ್ಳು ಅಲ್ಲಾಡೋದೇ ಇಲ್ಲ, ಹುಡುಗ 25 ತುಂಬಿಸಿ ಕಳಿಸ್ತಾನೆ, ಗಾಡಿ ಚೆಂಡಿನ ಹಾಗೆ ಪುಟಿಯುತ್ತೆ. ಸೈಕಲ್ ಪಂಪ್ ಮತ್ತು ಕಡಿಮೆ ಒತ್ತಡದ ಗೇಜ್ ಇಟ್ಟುಕೊಳ್ಳಿ. ಆ ಮೆತ್ತನೆ ಟಯರ್ ಮಣ್ಣಿನಲ್ಲಿ ಜಾರಬೇಕು ಅಂತಲೇ ಮಾಡಿದ್ದು. ಡಾಂಬರಿನಲ್ಲಿ ಹಿಡಿಯುತ್ತೆ, ಹಿಂದಿನ ಆ್ಯಕ್ಸಲ್ ಗಟ್ಟಿ ಬೇರೆ, ತಿರುವಿನಲ್ಲಿ ಗಾಡಿ ಎತ್ತಿ ಒಗೆಯುತ್ತೆ.

ಮತ್ತೆ ನಮ್ಮ ಖಾನಾಪುರ ಕಡೆ ಬರ್ತೀವಿ, ಕಾಡಿನಲ್ಲಿ ಓಡಿಸ್ತೀವಿ ಅನ್ನೋರು ಇದ್ದಾರೆ. ಭೀಮಗಡ ಅಭಯಾರಣ್ಯ ಅದು, ಆಟದ ಮೈದಾನ ಅಲ್ಲ. ಈ ಮಾತು ನಿಮಗಲ್ಲ, ಓದ್ತಿರೋ ಬೇರೆಯವರಿಗೆ.

ಸೈಕಲ್ ಹುಡುಗ ಬಾಗಲಕೋಟೆ
ಒಂದು ಮಾತು ಕೇಳಲಾ? ವಿಜಯಪುರ, ಬಾಗಲಕೋಟೆ ಅಂದ್ರೆ ಇಡೀ ದೇಶದ ಸೈಕ್ಲಿಂಗ್‌ನವರಿಗೆ ಗೊತ್ತು. ವಿಜಯಪುರದಲ್ಲಿ ಸೈಕ್ಲಿಂಗ್ ಕ್ರೀಡಾ ನಿಲಯ ಇದೆ, ಹಳ್ಳಿ ಹುಡುಗಿಯರು ಅಲ್ಲಿಂದ ನ್ಯಾಷನಲ್‌ಗೆ ಹೋಗಿ ಮೆಡಲ್ ತರ್ತಾರೆ. ಅದೇ ಒಂದು ಲಕ್ಷದಲ್ಲಿ ಒಳ್ಳೆ ಸೈಕಲ್ ಬರುತ್ತೆ. ಯೋಚನೆ ಮಾಡಿ ಅಣ್ಣಾ.

ಬಾಗಲಕೋಟೆ ಅವ್ವ
ಅವಳು ಕೇಳಿದ್ದು ಎಟಿವಿ. ನಮ್ಮ ಮಗನಿಗೆ ಚೆಸ್ ಬೋರ್ಡ್ ತಂದುಕೊಟ್ಟಿದ್ದೆವು ಕ್ರಿಕೆಟ್ ಕಿಟ್ ಕೇಳಿದ್ದಕ್ಕೆ. ಇವತ್ತಿಗೂ ಪ್ಯಾಕ್ ಒಡೆದಿಲ್ಲ.

ಸೈಕಲ್ ಹುಡುಗ ಬಾಗಲಕೋಟೆ
😂 ಆದರೂ ಅಕ್ಕಾ, ಸೈಕಲ್ ಬ್ಯಾಲೆನ್ಸ್ ಬಂದ ಮಕ್ಕಳಿಗೆ ಬ್ರೇಕ್ ಯಾವಾಗ ಹಿಡಿಯಬೇಕು ಅನ್ನೋದು ಬೇಗ ಗೊತ್ತಾಗುತ್ತೆ. ಎರಡೂ ಇರಲಿ.

ಗೋಕಾಕ ಕರದಂಟು
ನಮ್ಮಲ್ಲಿ ಎತ್ತಿನ ತೆರಬಂಡಿ ಸ್ಪರ್ಧೆ ನೋಡಿ, ಎತ್ತು ಓಡಿಸೋದು ಕಲಿಸಿ. ಪೆಟ್ರೋಲ್ ಬೇಡ.

ಎರೆಹೊಲ
ಎತ್ತಿನ ಜೋಡಿಯ ರೇಟ್ ಕೇಳಿದ್ದೀರಾ ಈಚೆಗೆ? ಅದೇನೂ ಅಗ್ಗ ಅಲ್ಲ.

ಮಕ್ಕಳ ಡಾಕ್ಟರ್ ವಿಜಯಪುರ
ಸರಿ, ತಗೊಳ್ಳೋದು ಅಂತ ತೀರ್ಮಾನ ಆಗಿದ್ದರೆ ನನ್ನ ಷರತ್ತು ಕೇಳಿ. ಐಎಸ್‌ಐ ಮಾರ್ಕಿನ ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್, ಅವಳ ತಲೆ ಅಳತೆಯದು. ಅಪ್ಪನ ಹೆಲ್ಮೆಟ್‌ಗೆ ಬಟ್ಟೆ ತುರುಕಿ ಹಾಕಿಸಬೇಡಿ. ಪಟ್ಟಿ ಹಾಕಿದ ಮೇಲೆ ಹಿಂದಿನಿಂದ ಎತ್ತಿ ನೋಡಿ, ಕಳಚಿ ಬರಬಾರದು. ಕಣಕಾಲು ಮುಚ್ಚುವ ಶೂ, ಕೈಗವಸು, ಉದ್ದ ತೋಳು, ಪ್ಯಾಂಟ್. ದುಪಟ್ಟಾ ಬೇಡವೇ ಬೇಡ, ಚೈನಿಗೆ ಸಿಗುತ್ತೆ. ಜಡೆ ಅಂಗಿಯೊಳಗೆ. ಹಿಂದೆ ಯಾರನ್ನೂ ಕೂರಿಸಬಾರದು, ತಮ್ಮ ಅತ್ತರೂ ಸರಿ, ಇದು ಒಬ್ಬರ ಗಾಡಿ. ಇನ್ನೊಬ್ಬರು ಕೂತರೆ ಆ ಮೈ ಬಾಗಿಸೋ ಲೆಕ್ಕ ಎಲ್ಲ ಕೆಡುತ್ತೆ. ಓಡಿಸುವಷ್ಟು ಹೊತ್ತೂ ದೊಡ್ಡವರೊಬ್ಬರು ಅಲ್ಲೇ ನಿಂತಿರಬೇಕು, ಫೋನ್ ನೋಡ್ತಾ ಅಲ್ಲ.

ತಿಕೋಟಾ ದ್ರಾಕ್ಷಿ
ಒಪ್ಪಿದೆ ಮೇಡಂ. ತಮ್ಮ ಇದ್ದಾನೆ, ಅಳೋದು ಗ್ಯಾರಂಟಿ. ಹಾಗಾದ್ರೆ ಬೆಳಗಾವಿಯ 110 ನೋಡೋಕೆ ಹೋಗ್ತೀನಿ. ಗ್ಯಾರೇಜ್ ಅಣ್ಣಾ, ಹಳೇ ಗಾಡಿಯಲ್ಲಿ ಏನು ನೋಡಬೇಕು?

ಉದ್ಯಮಬಾಗ ಗ್ಯಾರೇಜ್
ಹೋಗುವ ಮೊದಲೇ ಫೋನ್ ಮಾಡಿ ಸ್ಟಾರ್ಟ್ ಮಾಡಿ ಬಿಸಿ ಮಾಡಿ ಇಡಬೇಡಿ ಅನ್ನಿ. ತಣ್ಣಗಿದ್ದಾಗ ಸೆಲ್ಫ್‌ನಲ್ಲಿ ಎದ್ದರೆ ಅರ್ಧ ಚಿಂತೆ ಹೋಯ್ತು. ಎಕ್ಸಲರೇಟರ್ ಒತ್ತಿ ಬಿಡಿ, ಟಪ್ ಅಂತ ವಾಪಸ್ ಬರಬೇಕು. ಹ್ಯಾಂಡಲ್ ಪೂರ್ತಿ ಎಡಕ್ಕೆ ಒಮ್ಮೆ, ಪೂರ್ತಿ ಬಲಕ್ಕೆ ಒಮ್ಮೆ ತಿರುಗಿಸಿ ಮತ್ತೆ ನೋಡಿ, ಕೇಬಲ್ ಬಿಗಿಯಾಗಿ ಎಂಜಿನ್ ತಾನೇ ಏರಿದರೆ ಅದು ಕೊಲ್ಲೋ ಗಾಡಿ. ಹಿಂಭಾಗ ಎತ್ತಿ ಗಾಲಿ ಹಿಡಿದು ಅಲ್ಲಾಡಿಸಿ, ಕಟಕಟ ಅಂದ್ರೆ ಆ್ಯಕ್ಸಲ್ ಬೇರಿಂಗ್ ಹೋಗಿದೆ. ಮುಂದಿನ ಗಾಲಿ ತಿರುಗಿಸೋ ಟೈ ರಾಡ್ ತುದಿಗಳನ್ನೂ ಹಾಗೇ ನೋಡಿ. ಫುಟ್‌ರೆಸ್ಟ್ ಹತ್ತಿರ ಫ್ರೇಮಿಗೆ ಹೊಸ ಪೇಂಟ್ ಇದ್ದರೆ ಉಗುರಿನಲ್ಲಿ ಕೆರೆಯಿರಿ, ಅಡಿಯಲ್ಲಿ ವೆಲ್ಡಿಂಗ್ ಇರುತ್ತೆ.

ಹಿಂದೆ ಒಂದು ಕೆಂಪು ದಾರ ಇರುತ್ತೆ, ಎಳೆದರೆ ಎಂಜಿನ್ ಬಂದ್. ಅದು ಕೆಲಸ ಮಾಡಲೇಬೇಕು. ಅದಕ್ಕೆ ಉದ್ದ ಹಗ್ಗ ಕಟ್ಟಿ ಮೊದಲ ಕೆಲವು ವಾರ ನೀವು ಹಿಂದೆ ನಡೆಯಿರಿ. ಲಿಮಿಟರ್ ಸ್ಕ್ರೂ ಒಳಗೆ ತಿರುಗಿಸಿ, ಲಾಕ್ ನಟ್ ಬಿಗಿದು, ಅದರ ಮೇಲೆ ಸ್ವಲ್ಪ ನೇಲ್ ಪಾಲಿಶ್ ಹಚ್ಚಿ. ಯಾರಾದರೂ ಸಡಿಲ ಮಾಡಿದರೆ ಪಾಲಿಶ್ ಒಡೆದಿರುತ್ತೆ, ಗೊತ್ತಾಗುತ್ತೆ. ಮಕ್ಕಳು ಸ್ಪ್ಯಾನರ್ ಹುಡುಕೋದರಲ್ಲಿ ನಮಗಿಂತ ಚುರುಕು.

ರಿಪೇರಿ ಚಿಂತೆ ಬೇಡ. ಈ 110 ಎಂಜಿನ್‌ಗಳು ಹೆಚ್ಚಿನವು ಹೋಂಡಾದ ಹಳೇ ಮಲಗಿದ ಸಿಲಿಂಡರಿನ ಎಂಜಿನ್ ನೋಡಿ ಮಾಡಿದವು. ಪ್ಲಗ್, ಬ್ಯಾಟರಿ, ಕಾರ್ಬೊರೇಟರ್ ಹೊಂದಿಸಬಹುದು. ಬುಶ್, ಶಾಫ್ಟ್ ಹೋದರೆ ಇಲ್ಲೇ ಲೇತಿನಲ್ಲಿ ಮಾಡಿಕೊಡ್ತಾರೆ. ತಲೆನೋವು ಟಯರಿನದು, ಆ ಅಳತೆ ನಮ್ಮ ಕಡೆ ಅಂಗಡಿಯಲ್ಲಿ ಇಡಲ್ಲ. ಜಾಲಿ ಮುಳ್ಳು ನಿಮ್ಮಲ್ಲಿ ಬೇಕಾದಷ್ಟು, ಮೊದಲೇ ಒಳಗೆ ಸೀಲಂಟ್ ಹಾಕಿಸಿಬಿಡಿ.

ಬಬಲೇಶ್ವರ ಒಣದ್ರಾಕ್ಷಿ
ಕಲಿಸೋಕೆ ದ್ರಾಕ್ಷಿ ಕ್ರೇಟ್‌ಗಳನ್ನು ಇಡಿ. ಖಾಲಿ ಕ್ರೇಟ್ ಎಂಟೋ ಹತ್ತೋ ಸಾಲಾಗಿ ಇಟ್ಟು ನಡುವೆ ಅಂಕುಡೊಂಕು ಓಡಿಸಿ, ಗುದ್ದಿದರೂ ಹಾರಿ ಹೋಗುತ್ತೆ, ಅವಳಿಗೆ ಏನೂ ಆಗಲ್ಲ. ಮೊದಲು ಬರೀ ಹೊರಡೋದು, ನಿಲ್ಲೋದು. ಕೈ ಮೇಲೆತ್ತಿದ ತಕ್ಷಣ ನಿಲ್ಲೋದು ಬಂದ ಮೇಲೆ ತಿರುವು.

ಕೆಎ 28 ರೈಡರ್
ನಾನು ಶನಿವಾರ ಬೆಳಗಾವಿಯಲ್ಲಿ ಇರ್ತೀನಿ ಅಣ್ಣಾ, ಬೇಕಿದ್ರೆ ಜೊತೆ ಬಂದು ಓಡಿಸಿ ನೋಡ್ತೀನಿ.

ಬಾಗಲಕೋಟೆ ಅವ್ವ
ನಿಮ್ಮ ತೂಕಕ್ಕೆ ಆ 110 ಉಳಿಯುತ್ತಾ ರೈಡರ್?

ತಿಕೋಟಾ ದ್ರಾಕ್ಷಿ
ಬನ್ನಿ ಬನ್ನಿ. ಮಗಳನ್ನೂ ಕರ್ಕೊಂಡು ಬರ್ತೀನಿ, ಅವಳನ್ನೇ ಫುಟ್‌ರೆಸ್ಟ್ ಮೇಲೆ ನಿಲ್ಲಿಸಿ ಅಳತೆ ನೋಡಬೇಕು. ಸರಿ ಬರಲಿಲ್ಲ ಅಂದ್ರೆ ವಾಪಸ್.

ಅಥಣಿ ಚಪ್ಪಲಿ
ತಡವಾಗಿ ಬಂದೆ, ಪೂರ್ತಿ ಓದಿಲ್ಲ. ನನ್ನ ಹತ್ತಿರ 49 ಸಿಸಿ ಟೂ ಸ್ಟ್ರೋಕ್ ಇದೆ, ಹೊಸದರ ಹಾಗಿದೆ, ಯಾರಿಗಾದರೂ ಬೇಕಾ? ಪಿಸ್ಟನ್ ಮಾತ್ರ ಸ್ವಲ್ಪ ಜಾಮ್ ಆಗಿದೆ.

ಉದ್ಯಮಬಾಗ ಗ್ಯಾರೇಜ್
ಬರೀ ಪೆಟ್ರೋಲ್ ಹಾಕಿದ್ರಾ?

ಅಥಣಿ ಚಪ್ಪಲಿ
ನಿಮಗೆ ಹೇಗೆ ಗೊತ್ತಾಯ್ತು?